885 ಮನೆಗಳ ಊರು: ಅಂಗಡಿಯೂ ನಮ್ಮದೇ, ಪೇಪರೂ ನಮ್ಮದೇ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಿ ಅಂದ್ಕೋತೀನಿ. ಇವತ್ತು ನಿಮ್ಮನ್ನ ಅಮೆರಿಕದ ಒಂದು ಸಣ್ಣ ಊರಿಗೆ ಕರ್ಕೊಂಡು ಹೋಗ್ತೀನಿ. ಹೆಸರು ಗ್ರೀನ್‌ಬೆಲ್ಟ್. ಮೇರಿಲ್ಯಾಂಡ್ ರಾಜ್ಯದಲ್ಲಿ, ರಾಜಧಾನಿ ವಾಷಿಂಗ್ಟನ್‌ನಿಂದ ಸುಮಾರು 20 ಕಿಲೋಮೀಟರ್ ದೂರ. ಹಬಲ್ ಟೆಲಿಸ್ಕೋಪನ್ನು ನಡೆಸುವ ನಾಸಾದ ಗೊಡಾರ್ಡ್ ಕೇಂದ್ರ ಇರೋದು ಇಲ್ಲೇ. ಆದರೆ ನಮ್ಮ ಕತೆ ಆಕಾಶದ್ದಲ್ಲ, ದಿನಸಿ ಅಂಗಡಿಯದ್ದು.

ನಾನು ಬಿ.ಕಾಂ ಓದಿದವನು. ಸಹಕಾರ ಸಂಘದ ಪಾಠ ನಿಮಗೂ ನೆನಪಿರಬಹುದು. 1844, ಇಂಗ್ಲೆಂಡಿನ ರಾಚ್‌ಡೇಲ್, ಒಬ್ಬ ಸದಸ್ಯನಿಗೆ ಒಂದೇ ಓಟು. ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿ ಮರೆತುಬಿಟ್ಟಿದ್ದೆ. ಆ ಪಾಠವನ್ನೇ ಇಟ್ಟುಕೊಂಡು ಒಂದು ಇಡೀ ಊರು ಬದುಕಿದೆ ಅಂತ ಗೊತ್ತಾದಾಗ ಮತ್ತೆ ಪುಸ್ತಕ ತೆಗೆದೆ.

1935ಕ್ಕೆ ಹೋಗೋಣ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಇಲ್ಲ, ಬಾಡಿಗೆ ಕಟ್ಟೋಕೆ ದುಡ್ಡಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಪುನರ್ವಸತಿಗೆ ಅಂತ ಒಂದು ಇಲಾಖೆ ಮಾಡಿತು. ಅದರ ಮುಖ್ಯಸ್ಥ ರೆಕ್ಸ್‌ಫರ್ಡ್ ಟಗ್‌ವೆಲ್ ಅನ್ನೋ ಅರ್ಥಶಾಸ್ತ್ರದ ಪ್ರೊಫೆಸರ್. ಇಕ್ಕಟ್ಟಾದ ನಗರದ ಹೊರಗೆ ಅಗ್ಗದ ಜಾಗ ತಗೊಂಡು, ಹೊಸ ಊರನ್ನೇ ಕಟ್ಟಿ, ಸುತ್ತ ಹಸಿರು ಬಿಡೋದು ಅವನ ಯೋಚನೆ. ಇಂಥ ಮೂರು ಊರು ಎದ್ದವು. ಓಹಾಯೋದಲ್ಲಿ ಗ್ರೀನ್‌ಹಿಲ್ಸ್, ವಿಸ್ಕಾನ್ಸಿನ್‌ನಲ್ಲಿ ಗ್ರೀನ್‌ಡೇಲ್, ಮೇರಿಲ್ಯಾಂಡಿನಲ್ಲಿ ನಮ್ಮ ಗ್ರೀನ್‌ಬೆಲ್ಟ್.

ತಂಬಾಕು ಬೆಳೆದು ಬೆಳೆದು ಸಾರ ಕಳೆದುಕೊಂಡಿದ್ದ ಜಮೀನು ಅದು. ಅಲ್ಲಿ ಅರ್ಧಚಂದ್ರದ ಆಕಾರದಲ್ಲಿ 885 ಮನೆ ಕಟ್ಟಿದರು, ಹೆಚ್ಚಿನವು ಸಾಲು ಮನೆಗಳು. ಮನೆಯ ಒಂದು ಮುಖ ರಸ್ತೆಗೆ, ಇನ್ನೊಂದು ಮುಖ ತೋಟಕ್ಕೆ. ನಡೆಯುವವರಿಗೆ ರಸ್ತೆ ಕೆಳಗೆ ಸುರಂಗದಾರಿ. ಮಗು ಮನೆಯಿಂದ ಹೊರಟು ಒಂದೂ ಕಾರಿಗೆ ಎದುರಾಗದೆ ಅಂಗಡಿ ಮುಟ್ಟಬಹುದಿತ್ತು. 1930ರ ದಶಕದಲ್ಲಿ ಈ ಯೋಚನೆ ನೋಡಿ!

ಲೆಕ್ಕ ಕೇಳ್ತೀರಾ? ಖರ್ಚಾಗಿದ್ದು 1.3 ಕೋಟಿ ಡಾಲರಿಗೂ ಜಾಸ್ತಿ. ಬಾಡಿಗೆಯಿಂದ ಅದು ವಾಪಸ್ ಬರೋ ಮಾತೇ ಇರಲಿಲ್ಲ. ಪತ್ರಿಕೆಗಳು ಬೈದವು. ಆದರೆ ಮನೆ ಕಟ್ಟೋದು ಸರ್ಕಾರದ ಅರ್ಧ ಉದ್ದೇಶ ಅಷ್ಟೇ, ಇನ್ನರ್ಧ ನಿರುದ್ಯೋಗಿಗಳಿಗೆ ಕೆಲಸ ಕೊಡೋದು. ಅದಕ್ಕೇ ಯಂತ್ರ ಮಾಡಬಹುದಾದ ಎಷ್ಟೋ ಕೆಲಸವನ್ನು ಕೈಯಿಂದ ಮಾಡಿಸಿದರು. ಅಲ್ಲಿನ ಕೆರೆ ಕೂಡ ಹಾಗೆ ಆದದ್ದೇ.

1937ರ ಸೆಪ್ಟೆಂಬರ್ ಕೊನೆಗೆ ಮೊದಲ ಕುಟುಂಬಗಳು ಬಂದವು. ಅರ್ಜಿ ಹಾಕಿದ್ದವರು ಸುಮಾರು 5,700 ಕುಟುಂಬ. ಹಾಗಾಗಿ ಆಯ್ಕೆ ಇತ್ತು, ಇಂಟರ್‌ವ್ಯೂ ಇತ್ತು. ವರ್ಷದ ಆದಾಯ ಸುಮಾರು 1,000ದಿಂದ 2,200 ಡಾಲರ್ ಒಳಗಿರಬೇಕು. ಗಂಡ ದುಡಿಯುತ್ತಿದ್ದರೆ ಹೆಂಡತಿ ಹೊರಗೆ ಕೆಲಸಕ್ಕೆ ಹೋಗೋ ಹಾಗಿಲ್ಲ. ನಾಯಿ ಸಾಕೋ ಹಾಗಿಲ್ಲ. ಸಂಜೆ 4ರೊಳಗೆ ಒಣಹಾಕಿದ ಬಟ್ಟೆ ತೆಗೆದಿರಬೇಕು. ಬಾಡಿಗೆ ಮನೆ ಹುಡುಕಿದ ಯಾರಿಗಾದರೂ ಈ ಪಟ್ಟಿ ಕೇಳಿ ನಗು ಬರುತ್ತೆ. ನನಗೂ ಬಂತು. ಮುಂದಿನ ಷರತ್ತು ಓದಿದ ಮೇಲೆ ನಗು ನಿಂತುಹೋಯ್ತು.

ಬಿಳಿಯರಿಗೆ ಮಾತ್ರ ಮನೆ.

ಊರು ಕಟ್ಟಿದ ಕೂಲಿಕಾರರಲ್ಲಿ ಕಪ್ಪು ಜನರೂ ಇದ್ದರು. ಅವರು ಕಟ್ಟಿದ ಮನೆಗೆ ಅವರೇ ಅರ್ಜಿ ಹಾಕೋ ಹಾಗಿರಲಿಲ್ಲ. ಧರ್ಮದ ವಿಷಯದಲ್ಲಿ ಮಾತ್ರ ಎಷ್ಟು ಲೆಕ್ಕಾಚಾರ ಗೊತ್ತಾ? ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಯಹೂದಿಗಳು ಇಂತಿಷ್ಟು ಪ್ರಮಾಣದಲ್ಲಿ ಇರಲಿ ಅಂತ ತೂಗಿ ನೋಡಿ ಆರಿಸಿದ್ದರು. ಅಂದ್ರೆ ಎಲ್ಲರೂ ಕೂಡಿ ಬಾಳಬೇಕು ಅನ್ನೋ ಆಸೆ ಇತ್ತು. ಆ ‘ಎಲ್ಲರೂ’ ಯಾರು ಅನ್ನೋದನ್ನ ಮಾತ್ರ ಮೊದಲೇ ತೀರ್ಮಾನ ಮಾಡಿಟ್ಟಿದ್ದರು. ಈ ಮಾತು ನೆನಪಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಒಳಗೆ ಬಂದವರು ಏನು ಮಾಡಿದರು? ಎಲ್ಲರೂ ಹೊಸಬರು, ಹೆಚ್ಚಿನವರು ಚಿಕ್ಕ ವಯಸ್ಸಿನವರು. ನೆಂಟರಿಲ್ಲ, ಹಳೆಯ ಪರಿಚಯ ಇಲ್ಲ. ಹಾಗಾಗಿ ಸಂಘ ಕಟ್ಟಿದರು. 1937ರ ನವೆಂಬರಿನಲ್ಲೇ ‘ಗ್ರೀನ್‌ಬೆಲ್ಟ್ ಕೋಆಪರೇಟರ್’ ಅಂತ ವಾರಪತ್ರಿಕೆ ಶುರುವಾಯ್ತು. ಬರೆಯೋರು ಸಂಬಳ ಇಲ್ಲದ ಸ್ವಯಂಸೇವಕರು. ಅಂಗಡಿಗಳಿಗೆ ಮೊದಲು ಬಂಡವಾಳ ಕೊಟ್ಟಿದ್ದು ಬಾಸ್ಟನ್ನಿನ ದೊಡ್ಡ ವ್ಯಾಪಾರಿ ಎಡ್ವರ್ಡ್ ಫಿಲೀನ್ ಸ್ಥಾಪಿಸಿದ ಸಂಸ್ಥೆ. ನಿವಾಸಿಗಳು ಷೇರು ಕೊಂಡು ಕೊಂಡು 1940ರಲ್ಲಿ ಅಂಗಡಿಗಳನ್ನ ತಮ್ಮ ಕೈಗೇ ತಗೊಂಡರು. ಶಾಲೆ ಮಕ್ಕಳೂ ಸುಮ್ಮನಿರಲಿಲ್ಲ, ಮಿಠಾಯಿ ಮಾರೋಕೆ ಒಂದು ಪುಟ್ಟ ಸಹಕಾರಿ ಅಂಗಡಿ ಇಟ್ಟಿದ್ದರು.

ಯುದ್ಧದ ಸಮಯದಲ್ಲಿ ಇನ್ನೂ ಸಾವಿರ ಮನೆ ಸೇರಿದವು. ಯುದ್ಧ ಮುಗಿದ ಮೇಲೆ ಸರ್ಕಾರ ಊರನ್ನೇ ಮಾರೋಕೆ ಹೊರಟಿತು. ಆಗ ನಿವಾಸಿಗಳು ಹೌಸಿಂಗ್ ಸಹಕಾರ ಸಂಘ ಮಾಡಿಕೊಂಡು 1952ರಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿಗೆ 1,500ಕ್ಕೂ ಜಾಸ್ತಿ ಮನೆಗಳನ್ನ, ಜೊತೆಗೆ ನೂರಾರು ಎಕರೆ ಖಾಲಿ ಜಾಗವನ್ನ ಕೊಂಡರು. ಬಾಡಿಗೆದಾರರೇ ಸೇರಿ ಮಾಲೀಕರಾದರು.

ಆದರೆ ಅದು ಎಂಥ ಕಾಲ? ಮೆಕಾರ್ಥಿ ಕಾಲ. ‘ಸಹಕಾರ’ ಅಂದ್ರೆ ಸಾಕು, ಕಮ್ಯುನಿಸ್ಟ್ ಇರಬೇಕು ಅನ್ನೋ ಗುಮಾನಿ. 1953ರಲ್ಲಿ ಈ ಊರಿನ ನಿವಾಸಿ ಅಬ್ರಹಾಂ ಚಾಸನೋ ಅನ್ನೋರನ್ನ ನೌಕಾಪಡೆಯ ಕಚೇರಿ ಸಸ್ಪೆಂಡ್ ಮಾಡಿತು. 20 ವರ್ಷಕ್ಕೂ ಹೆಚ್ಚು ಸರ್ವೀಸ್ ಆಗಿದ್ದ ಮನುಷ್ಯ. ಊರಿನಲ್ಲಿ ಎಡಪಂಥೀಯರ ಜೊತೆ ಓಡಾಡ್ತಾರೆ ಅನ್ನೋದು ಆರೋಪ. ಹೇಳಿದ್ದು ಯಾರು ಅಂತ ಅವರಿಗೆ ತಿಳಿಸಲೇ ಇಲ್ಲ.

ಯೋಚನೆ ಮಾಡಿ. ಆ ಊರಿನಲ್ಲಿ ಬಹಳಷ್ಟು ಜನ ಸರ್ಕಾರಿ ನೌಕರರು. ಪಕ್ಕದ ಮನೆಯವನ ಪರ ಮಾತಾಡಿದರೆ ನಾಳೆ ನಮ್ಮ ಕೆಲಸಕ್ಕೇ ಕುತ್ತು. ಆದರೂ ನೆರೆಹೊರೆಯವರು ಹತ್ತಾರು ಸಂಖ್ಯೆಯಲ್ಲಿ ಸಹಿ ಹಾಕಿ ಪ್ರಮಾಣಪತ್ರ ಕೊಟ್ಟರು. 1954ರ ಏಪ್ರಿಲಿನಲ್ಲಿ ಚಾಸನೋ ಅವರನ್ನ ಕೆಲಸದಿಂದ ತೆಗೆದೇ ಬಿಟ್ಟರು. ಪತ್ರಕರ್ತ ಆಂಥೊನಿ ಲೂಯಿಸ್ ಅದರ ಬೆನ್ನು ಹತ್ತಿ ಬರೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೌಕಾಪಡೆ ತಪ್ಪೊಪ್ಪಿಕೊಂಡು ಕೆಲಸ ವಾಪಸ್ ಕೊಟ್ಟಿತು. ಲೂಯಿಸ್‌ಗೆ 1955ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಆ ಸಣ್ಣ ಪತ್ರಿಕೆ ನೆನಪಿದೆಯಾ? 1954ರಲ್ಲಿ ಹೆಸರು ಬದಲಾಗಿ ‘ನ್ಯೂಸ್ ರಿವ್ಯೂ’ ಆಯ್ತು. 1965ರಲ್ಲಿ ಚಾರ್ಲ್ಸ್ ಬ್ರೆಸ್ಲರ್ ಅನ್ನೋ ಡೆವಲಪರ್ ಒಂದು ಜಾಗದಲ್ಲಿ ಹೆಚ್ಚು ಮನೆ ಕಟ್ಟೋಕೆ ಅನುಮತಿ ಕೇಳಿದ. ಅವನದೇ ಇನ್ನೊಂದು ಜಾಗ ಶಾಲೆ ಕಟ್ಟೋಕೆ ಊರಿಗೆ ಬೇಕಿತ್ತು. ಅದು ಬೇಕಾದ್ರೆ ಇದು ಕೊಡಿ ಅನ್ನೋ ಚೌಕಾಶಿ. ಸಭೆಯಲ್ಲಿ ಕೆಲವರು ಇದು ಬ್ಲ್ಯಾಕ್‌ಮೇಲ್ ಅಂತ ಕೂಗಿದರು. ಪತ್ರಿಕೆ ಆ ಪದವನ್ನ ಹಾಗೇ ಅಚ್ಚು ಹಾಕಿತು. ಬ್ರೆಸ್ಲರ್ ಮಾನನಷ್ಟ ಕೇಸ್ ಹಾಕಿದ. ಕೆಳಗಿನ ಕೋರ್ಟಿನಲ್ಲಿ 17,500 ಡಾಲರ್ ಪರಿಹಾರ ಕೊಡಿ ಅಂತ ತೀರ್ಪಾಯ್ತು. ಸಂಬಳವೇ ಇಲ್ಲದ ಪತ್ರಿಕೆಗೆ ಅದು ಸಾವಿನ ಚೀಟಿ.

ಊರವರು ದುಡ್ಡು ಕೂಡಿಸಿದರು, ಸುಪ್ರೀಂ ಕೋರ್ಟ್ ತನಕ ಹೋದರು. 1970ರಲ್ಲಿ ಗೆದ್ದರು. ಬಿಸಿ ಚರ್ಚೆಯಲ್ಲಿ ಯಾರೋ ಆಡಿದ ಆ ಮಾತನ್ನ ಓದಿದ ಯಾರೂ ಅವನ ಮೇಲೆ ಕ್ರಿಮಿನಲ್ ಅಪರಾಧ ಹೊರಿಸಿದ್ದಾರೆ ಅಂತ ತಿಳಿಯಲ್ಲ ಅಂತ ಕೋರ್ಟ್ ಹೇಳಿತು. ಅಮೆರಿಕದ ಮಾಧ್ಯಮ ಕಾನೂನಿನಲ್ಲಿ ಇವತ್ತಿಗೂ ಉಲ್ಲೇಖ ಆಗೋ ತೀರ್ಪು ಅದು. ಮೈಕ್ ಮುಂದೆ ಒಬ್ಬನೇ ಕೂತು ಮಾತಾಡೋ ನನ್ನಂಥವನಿಗೆ ಈ ಭಾಗ ಓದುವಾಗ ಗಂಟಲು ಕಟ್ಟಿತು. ನನ್ನ ಮೇಲೆ ಯಾರಾದರೂ ಕೇಸ್ ಹಾಕಿದರೆ ದುಡ್ಡು ಕೂಡಿಸೋಕೆ ನನಗೆ ಊರು ಯಾವುದು?

ಅಂಗಡಿ ಕತೆ ಏನಾಯ್ತು? ಸಹಕಾರ ಸಂಘ ಬೆಳೆದು ಬೆಳೆದು ಹೊರ ಊರುಗಳಲ್ಲಿ ಸೂಪರ್ ಮಾರ್ಕೆಟ್, ಫರ್ನಿಚರ್ ಅಂಗಡಿ ಎಲ್ಲ ಇಟ್ಟಿತು. ಕೊನೆಗೆ ಗ್ರೀನ್‌ಬೆಲ್ಟಿನ ಮೂಲ ಅಂಗಡಿಯೇ ಬೇಡ ಅನ್ನೋ ಸ್ಥಿತಿ ಬಂತು. 1984ರಲ್ಲಿ ನಿವಾಸಿಗಳು ಹೊಸ ಸಂಘ ಮಾಡಿಕೊಂಡು ಅದೇ ಅಂಗಡಿಯನ್ನ ವಹಿಸಿಕೊಂಡರು. ಅಜ್ಜಿ ತಾತ ಮಾಡಿದ್ದನ್ನ ಮೊಮ್ಮಕ್ಕಳ ಕಾಲದಲ್ಲಿ ಮತ್ತೆ ಮೊದಲಿಂದ.

ಈಗ ಆ ‘ಎಲ್ಲರೂ’ ವಿಷಯಕ್ಕೆ ಬರೋಣ. 2020ರ ಜನಗಣತಿ ಪ್ರಕಾರ ಗ್ರೀನ್‌ಬೆಲ್ಟ್ ಜನಸಂಖ್ಯೆ ಸುಮಾರು 25 ಸಾವಿರ. ಅದರಲ್ಲಿ ಅತಿ ದೊಡ್ಡ ಗುಂಪು ಕಪ್ಪು ಜನರದ್ದು. ಆದರೆ ಊರಿನ ಕೌನ್ಸಿಲ್‌ಗೆ ಮೊದಲ ಕಪ್ಪು ಸದಸ್ಯ ಆಯ್ಕೆಯಾಗಿದ್ದು 2009ರಲ್ಲಿ. ಅಂದ್ರೆ ಊರು ಹುಟ್ಟಿ 72 ವರ್ಷ ಆದ ಮೇಲೆ.

ಬಿ.ಕಾಂ ಪುಸ್ತಕದಲ್ಲಿ ‘ಮುಕ್ತ ಸದಸ್ಯತ್ವ’ ಅಂತ ಒಂದು ತತ್ವ ಇತ್ತು. ಪಟ್ಟಿಯಲ್ಲಿ ಅದೇ ಮೊದಲನೆಯದು, ಪರೀಕ್ಷೆಗೆ ಬರೆಯೋದೂ ಸುಲಭ. ಗ್ರೀನ್‌ಬೆಲ್ಟಿನ ಜನ ಅಂಗಡಿ ಉಳಿಸಿದರು, ಪತ್ರಿಕೆ ಉಳಿಸಿದರು, ನೆರೆಯವನ ಕೆಲಸ ಉಳಿಸಿದರು. ಅಷ್ಟು ಗಟ್ಟಿ ಜನಕ್ಕೂ ಆ ಮೊದಲನೇ ತತ್ವದ ಹತ್ತಿರ ಬರೋಕೆ ಇಷ್ಟು ವರ್ಷ ಹಿಡೀತು. ನಿಮ್ಮ ಬೀದಿಯಲ್ಲೋ ಅಪಾರ್ಟ್‌ಮೆಂಟಲ್ಲೋ ಮುಂದಿನ ಸಂಘದ ಸಭೆ ಯಾವಾಗ? ಹೋಗಿ. ಹೋದಾಗ ಒಂದ್ಸಲ ತಿರುಗಿ ನೋಡಿ, ಆ ಸಭೆಗೆ ಯಾರನ್ನ ಕರೆದೇ ಇಲ್ಲ ಅಂತ.

ಮುಂದಿನ ಕಂತಿನಲ್ಲಿ ಸಿಗೋಣ.