ಖಾಜಿಯ ಮೊಹರು, ನೋಟರಿಯ ಮುದ್ರೆ

ಶಿವಮೊಗ್ಗದ ನ್ಯಾಯಾಲಯದ ಆಸುಪಾಸಿನಲ್ಲಾಗಲಿ, ಭದ್ರಾವತಿಯ ತಾಲ್ಲೂಕು ಕಚೇರಿಯ ಬಳಿಯಾಗಲಿ ಒಂದು ಸುತ್ತು ಹಾಕಿದರೆ 'ನೋಟರಿ' ಎಂಬ ಫಲಕ ಕಣ್ಣಿಗೆ ಬಿದ್ದೇ ಬೀಳುತ್ತದೆ. ವಿದ್ಯಾರ್ಥಿವೇತನಕ್ಕೆ, ಹೆಸರಿನ ತಿದ್ದುಪಡಿಗೆ, ಬಾಡಿಗೆ ಕರಾರಿಗೆ, ಗಲ್ಫ್‌ಗೆ ಹೊರಟ ಹುಡುಗರ ಕಾಗದಪತ್ರಗಳಿಗೆ ನಾವೆಲ್ಲರೂ ಒಂದಲ್ಲ ಒಂದು ದಿನ ಅಲ್ಲಿಗೆ ಹೋದವರೇ. "ನೋಟರಿ ಮಾಡಿಸಿದ್ದೇವೆ, ಇನ್ನೇನು ಭಯ?" ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಸಾಮಾನ್ಯ. ಆದರೆ ಆ ಮುದ್ರೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬರಹಕ್ಕೆ ಹೊಣೆಗಾರನೊಬ್ಬ ಬೇಕೆಂಬ ವಿಚಾರ ನಮ್ಮ ಜಿಲ್ಲೆಗೆ ಹೊಸದಲ್ಲ. ಬಿ.ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಇಂತಹ ದಾನಶಾಸನಗಳಲ್ಲಿ ಎಷ್ಟೋ ಕಡೆ ಕೊನೆಗೆ ಅದನ್ನು ಬರೆದ ಸೇನಬೋವನ ಹೆಸರು ಬರುತ್ತದೆ. ವಿಜಯನಗರದ ಅರಸರ ತಾಮ್ರಶಾಸನಗಳ ಕೊನೆಯಲ್ಲಿ 'ಶ್ರೀ ವಿರೂಪಾಕ್ಷ' ಎಂಬ ಒಪ್ಪ ಇರುತ್ತದೆ. ಆ ಸೇನಬೋವನೇ ಮುಂದೆ ನಮ್ಮ ಹಳ್ಳಿಗಳ ಶಾನುಭೋಗ.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ ಮೇಲೆ ಈ ಸೀಮೆ ಶ್ರೀರಂಗಪಟ್ಟಣದ ಆಡಳಿತಕ್ಕೆ ಸೇರಿತು. ಟಿಪ್ಪು ಸುಲ್ತಾನರ ಕಾಲದಲ್ಲಿ ಕಚೇರಿಗಳಲ್ಲಿ ಫಾರ್ಸಿಗೆ ಹೆಚ್ಚಿನ ಸ್ಥಾನ ಸಿಕ್ಕಿತು. ದಸ್ತಾವೇಜು, ಕರಾರು, ಜಾಮೀನು, ವಕಾಲತ್ತು, ಅರ್ಜಿ, ಮೊಹರು ಎಲ್ಲವೂ ಅರಬ್ಬಿ, ಫಾರ್ಸಿಗಳಿಂದ ಬಂದ ಮಾತುಗಳು. ದಿನಾ ಹಾಕುವ 'ಸಹಿ' ಕೂಡ ಅರಬ್ಬಿಯ 'ಸಹೀಹ್', ಅಂದರೆ 'ಸರಿಯಾದದ್ದು'. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ತರಗತಿಯಲ್ಲಿ ಈ ಪದಗಳು ಬಹಳ ಉಪಕಾರ ಮಾಡಿವೆ!

ಗಡುವಿನ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬ ಆದೇಶ ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನದಲ್ಲಿದೆ (ಅಲ್ ಬಕರ, 282). ಮುಸ್ಲಿಮ್ ಅರಸರ ಕಾಲದಲ್ಲಿ ಕ್ರಯಪತ್ರ, ದಾನಪತ್ರಗಳಿಗೆ ಮೊಹರು ಒತ್ತಿ ದೃಢೀಕರಿಸುವುದು ಖಾಜಿಯ ಕೆಲಸಗಳಲ್ಲೊಂದಾಗಿತ್ತು. ಈಸ್ಟ್ ಇಂಡಿಯಾ ಕಂಪನಿ ಕೂಡ 1793ರಲ್ಲಿ ಬಂಗಾಳಕ್ಕಾಗಿ ಮಾಡಿದ ನಿಬಂಧನೆಯಲ್ಲಿ ಈ ಕೆಲಸವನ್ನು ಖಾಜಿಗಳಿಗೇ ಬಿಟ್ಟಿತು. 1864ರಲ್ಲಿ ಬ್ರಿಟಿಷ್ ಭಾರತದಲ್ಲಿ ಖಾಜಿಗಳ ಸರ್ಕಾರಿ ನೇಮಕ ರದ್ದಾಯಿತು. ಅದೇ ವರ್ಷ ದಸ್ತಾವೇಜುಗಳ ನೋಂದಣಿ ಕಾಯಿದೆಯೂ ಬಂತು. 1880ರ ಖಾಜಿ ಕಾಯಿದೆ ಸರ್ಕಾರಿ ನೇಮಕವನ್ನು ಮರಳಿ ತಂದಿತಾದರೂ ನ್ಯಾಯಾಂಗದ ಅಥವಾ ಆಡಳಿತದ ಅಧಿಕಾರವನ್ನು ಕೊಡಲಿಲ್ಲ. ಖಾಜಿಗಳಿಗೆ ಮುಖ್ಯವಾಗಿ ನಿಕಾಹ್ ಉಳಿಯಿತು, ದಸ್ತಾವೇಜು ಕೈತಪ್ಪಿತು.

ನೋಟರಿ ಬಂದದ್ದು ಬೇರೆ ದಾರಿಯಿಂದ. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ 1533ರ ಕಾಯಿದೆಯ ಬಳಿಕ ನೋಟರಿಗಳ ನೇಮಕ ಕ್ಯಾಂಟರ್ಬರಿಯ ಧರ್ಮಾಧಿಕಾರಿಯ ಕಚೇರಿಗೆ ಸೇರಿತ್ತು. ನಮ್ಮಲ್ಲಿ ಇದರ ಅಗತ್ಯ ಬಿದ್ದದ್ದು ಬಂದರು ಪಟ್ಟಣಗಳ ವ್ಯಾಪಾರಿಗಳಿಗೆ. ಹುಂಡಿಗೆ ಹಣ ಸಿಗದಿದ್ದರೆ ಅದನ್ನು ಅಧಿಕೃತವಾಗಿ ದಾಖಲಿಸುವವರು ಬೇಕಿತ್ತು. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮು ನೋಟರಿ ನೇಮಕದ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಹೌದು, ಇಂದು ಚೆಕ್ ಬೌನ್ಸ್ ಎಂದೊಡನೆ ನೆನಪಾಗುವ ಅದೇ 138! ಚೆಕ್ಕಿನ ವಿಚಾರ ಅಲ್ಲಿಗೆ ಸೇರಿದ್ದು 1988ರ ತಿದ್ದುಪಡಿಯಿಂದ.

ಸ್ವತಂತ್ರ ಭಾರತದ ನೋಟರಿ ಕಾಯಿದೆ 1952ರಲ್ಲಿ ಅಂಗೀಕಾರವಾಗಿ 1956ರ ಫೆಬ್ರವರಿ 14ರಂದು ಜಾರಿಗೆ ಬಂತು. ಸಾಮಾನ್ಯವಾಗಿ 10 ವರ್ಷ ವಕೀಲಿ ಮಾಡಿದವರು ನೋಟರಿಯಾಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ದಸ್ತಾವೇಜಿಗೆ ಸಹಿ ಹಾಕಿದ್ದನ್ನು ದೃಢೀಕರಿಸುವುದು, ಪ್ರಮಾಣ ಬೋಧಿಸಿ ಅಫಿಡವಿಟ್ ಪಡೆಯುವುದು, ಹುಂಡಿಯ ನಿರಾಕರಣೆ ದಾಖಲಿಸುವುದು, ಅನುವಾದವನ್ನು ಪರಿಶೀಲಿಸುವುದು ನೋಟರಿಯ ಕೆಲಸಗಳು. ಪ್ರತಿಯೊಂದನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಪ್ರತಿ ಜನವರಿಯ ಮೊದಲ ವಾರ ಸರ್ಕಾರಕ್ಕೆ ಹಿಂದಿನ ವರ್ಷದ ಲೆಕ್ಕ ಒಪ್ಪಿಸಬೇಕು. ಶುಲ್ಕದ ದರವನ್ನು ಕಚೇರಿಯ ಒಳಗೂ ಹೊರಗೂ ಕಾಣುವಂತೆ ಹಾಕಬೇಕು. ದುರ್ನಡತೆಯ ದೂರು ಬಂದರೆ ಸರ್ಕಾರ ವಿಚಾರಣೆ ನಡೆಸಿ ಹೆಸರನ್ನೇ ತೆಗೆದುಹಾಕಬಹುದು. ಆದರೆ ನೋಟರಿ ಕೆಲಸದಲ್ಲಿ ನಡೆದ ಅಪರಾಧವನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಲು ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ದೂರು ಬೇಕು. ಈ ರಕ್ಷಣೆ ಸ್ವಲ್ಪ ಹೆಚ್ಚಾಯಿತೆಂದೇ ನನ್ನ ಅನಿಸಿಕೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಥ ದಿನ, ಇಂಥ ವ್ಯಕ್ತಿ ನನ್ನ ಮುಂದೆ ಬಂದು ಸಹಿ ಮಾಡಿದರು, ಪ್ರಮಾಣ ಮಾಡಿದರು ಎಂಬುದಕ್ಕೆ ಮಾತ್ರ ನೋಟರಿ ಹೊಣೆ. ಒಳಗೆ ಬರೆದದ್ದು ನಿಜವೆಂದು ಮುದ್ರೆ ಹೇಳುವುದಿಲ್ಲ. ಅದರ ಹೊಣೆ ಸಹಿ ಹಾಕಿದವರದು. ಅದಕ್ಕೇ ವ್ಯಕ್ತಿ ಬಾರದೆ ಕಾಗದವನ್ನಷ್ಟೇ ಕಳಿಸಿ ಮುದ್ರೆ ಹಾಕಿಸಿಕೊಳ್ಳುವ ರೂಢಿ ಈ ಹುದ್ದೆಯ ಬೇರನ್ನೇ ಕಡಿಯುತ್ತದೆ.

ನಮ್ಮ ಜನ ಹೆಚ್ಚು ಪೆಟ್ಟು ತಿನ್ನುವುದು ನಿವೇಶನದ ವಿಷಯದಲ್ಲಿ. ದುಡಿದು ಕೂಡಿಟ್ಟ ಹಣವನ್ನೆಲ್ಲ ಕೊಟ್ಟು, ನೋಟರಿ ಮಾಡಿಸಿದ ಕರಾರು ಪತ್ರವನ್ನು ಟ್ರಂಕಿನಲ್ಲಿಟ್ಟು ಮನೆ ತನ್ನದಾಯಿತೆಂದು ನಂಬುತ್ತಾರೆ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ಆ 100 ರೂಪಾಯಿ 1882ರಲ್ಲಿ ಬರೆದ ಮೊತ್ತ, ಇಂದಿಗೂ ಹಾಗೇ ಇದೆ. ಹಿಬಾದ ವಿಷಯ ಬೇರೆ. ಕೊಡುವ ಘೋಷಣೆ, ಪಡೆದವರ ಒಪ್ಪಿಗೆ, ಸ್ವಾಧೀನ ಈ ಮೂರೂ ಇದ್ದರೆ ಬರೆದಿಟ್ಟ ಹಿಬಾಕ್ಕೂ ನೋಂದಣಿ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಅಲ್ಲಿಯೂ ಸ್ವಾಧೀನ ಕೊಡದೆ ಬರೀ ನೋಟರಿ ಕಾಗದ ಮಾಡಿಟ್ಟರೆ ಅದು ನಿಲ್ಲುವುದಿಲ್ಲ. ಮದುವೆ, ವಿಚ್ಛೇದನದ ಪತ್ರ ಮಾಡುವುದು ನೋಟರಿಗಳ ಕೆಲಸವಲ್ಲವೆಂದು ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ಎಚ್ಚರಿಸಿದೆ.

ಭದ್ರಾವತಿಯ ಕಥೆ ಹೆಸರಿನದು. ಬೆಂಕಿಪುರವೆಂಬ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಎಲ್ಲೆಲ್ಲಿಂದಲೋ ಜನ ದುಡಿಯಲು ಬಂದರು. ಶಾಲೆಯ ದಾಖಲೆಯಲ್ಲಿ ಅಬ್ದುಲ್ ರಹಮಾನ್ ಆದವರು ಕಾರ್ಖಾನೆಯಲ್ಲಿ ಅಬ್ದುಲ್ ರೆಹಮಾನ್, ಪಡಿತರ ಚೀಟಿಯಲ್ಲಿ ಬರೀ ರೆಹಮಾನ್ ಸಾಬ್. ಉರ್ದುವಿನ ಒಂದೇ ಹೆಸರು ಕನ್ನಡಕ್ಕೂ ಇಂಗ್ಲಿಷಿಗೂ ಇಳಿಯುವಾಗ ಇಷ್ಟೆಲ್ಲ ಆಗುತ್ತದೆ. ಪಿಂಚಣಿಗೋ ವಾರಸುದಾರಿಕೆಗೋ ಮಕ್ಕಳು ಹೋದಾಗ 'ಮೂವರೂ ಒಬ್ಬರೇ' ಎಂದು ಅಫಿಡವಿಟ್ ಕೊಡಬೇಕಾಗುತ್ತದೆ. ಅದು ಹೇಳಿಕೆಯಷ್ಟೇ. ಮೂಲ ದಾಖಲೆಯನ್ನು ಆಯಾ ಕಚೇರಿಯೇ ತಿದ್ದಬೇಕು. ಆದ್ದರಿಂದ ಪೋಷಕರೇ, ಮಗುವನ್ನು ಶಾಲೆಗೆ ಸೇರಿಸುವ ದಿನ ಜನನ ಪ್ರಮಾಣಪತ್ರ ಕೈಯಲ್ಲಿರಲಿ, ಅದರಲ್ಲಿರುವ ಕಾಗುಣಿತವನ್ನೇ ಬರೆಸಿ.

ಅನುವಾದದ ಕಲಮಿನ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಉರ್ದು, ಫಾರ್ಸಿಯ ಹಳೆಯ ಪತ್ರಗಳು ಇನ್ನೂ ಇವೆ. ಅವುಗಳ ಶಿಕಸ್ತಾ ಬರವಣಿಗೆಯನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅದನ್ನು ಓದಿ ಕನ್ನಡಕ್ಕೆ ತಂದುಕೊಡುವವರು ಮೊದಲು ಸಿಕ್ಕಬೇಕು, ನೋಟರಿಯ ಮುದ್ರೆ ಆಮೇಲಿನದು. ಉರ್ದು ಕನ್ನಡ ಎರಡನ್ನೂ ಬಲ್ಲವರು ಶಿಕಸ್ತಾ ಕಲಿಯಲು ಆರು ತಿಂಗಳು ಕೊಟ್ಟು ನೋಡಿ, ಮೊದಲ ಪತ್ರ ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲೇ ಸಿಗಬಹುದು.