ಚಹಾ ಮತ್ತು ಕಾಫಿ: ಚಿನ್ನದ ಗಣಿಯ ಸೀಮೆಯ ಇತಿಹಾಸದಲ್ಲಿ ಶ್ರಾವಕನಿಗೊಂದು ಪಾಠ

ಬಸದಿಯ ವಾರ್ಷಿಕೋತ್ಸವವಿರಲಿ, ಟ್ರಸ್ಟಿನ ಸಭೆಯಿರಲಿ, ಮನೆಗೆ ನೆಂಟರಿಷ್ಟರು ಬಂದ ಸಮಯವಿರಲಿ, ಕುಶಲಪ್ರಶ್ನೆಯ ಬೆನ್ನಿಗೇ ಬರುವ ಪ್ರಶ್ನೆ ‘ಕಾಫಿಯೋ, ಟೀಯೋ?’ ಎಂಬುದು. ಅನಾದಿಕಾಲದಿಂದಲೂ ನಡೆದುಬಂದ ಆಚಾರವೋ ಎಂಬಷ್ಟು ಸಹಜವಾಗಿ ಈ ಎರಡು ಪಾನೀಯಗಳು ಗೃಹಸ್ಥಜೀವನದಲ್ಲಿ ಬೆರೆತುಹೋಗಿವೆ. ಇವುಗಳ ಜೊತೆಯಲ್ಲಿಯೇ ಇನ್ನೊಂದು ಭಾವನೆಯೂ ಬೆಳೆದಿದೆ. ಕಾಫಿಯು ಮರ್ಯಾದಸ್ಥರ ಪಾನೀಯ, ಟೀಯು ಕೂಲಿನಾಲಿಯವರ ಪಾನೀಯ ಎಂಬುದೇ ಆ ಭಾವನೆ. ಇದು ಎಲ್ಲಿಂದ ಬಂದಿತು? ಇದಕ್ಕೆ ಪಾನೀಯದ ಗುಣದಲ್ಲಾಗಲಿ, ಧರ್ಮದಲ್ಲಾಗಲಿ ಆಧಾರವುಂಟೇ? ಕೋಲಾರದ ಚಿನ್ನದ ಗಣಿ ಮತ್ತು ಅದರ ಹೆಬ್ಬಾಗಿಲಾದ ಬಂಗಾರಪೇಟೆಯ ಇತಿಹಾಸವನ್ನು ಅವಲೋಕಿಸಿದರೆ ಈ ಪ್ರಶ್ನೆಗಳಿಗೆ ತಕ್ಕಮಟ್ಟಿನ ಉತ್ತರ ದೊರೆಯುತ್ತದೆ.

ಹೊರದೇಶಕ್ಕಾಗಿ ಬೆಳೆದ ಬೆಳೆಗಳು

ಕೋಲಾರ ಸೀಮೆಯು ರಾಗಿಯ ನಾಡು. ರೈತನ ಬೆಳಗು ರಾಗಿಯ ಅಂಬಲಿ ಮತ್ತು ನೀರುಮಜ್ಜಿಗೆಯಿಂದ ಆರಂಭವಾಗುತ್ತಿತ್ತು. ಬೇಸಿಗೆಯಲ್ಲಿ ಬಂದವರಿಗೆ ಪಾನಕ ಕೊಡುವುದು ವಾಡಿಕೆಯಾಗಿತ್ತು. ಕಾಫಿಯ ಗಿಡ ಕನ್ನಡ ನಾಡಿಗೆ ಹೊಸದೇನೂ ಆಗಿರಲಿಲ್ಲ. 17ನೇ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಗಳಲ್ಲಿ ಬಿತ್ತಿದರೆಂಬ ಪ್ರತೀತಿಯುಂಟು. 19ನೇ ಶತಮಾನದಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗುಗಳಲ್ಲಿ ದೊಡ್ಡ ತೋಟಗಳು ಎದ್ದವು. ವಯನಾಡಿನಲ್ಲಿ ನೆಲೆಸಿದ ಕನ್ನಡ ಮೂಲದ ಜೈನ ಕುಟುಂಬಗಳೂ ಕಾಫಿಯ ಕೃಷಿಯಲ್ಲಿ ಹೆಸರು ಗಳಿಸಿದವು. ಆದರೂ ಬೆಳೆದ ಕಾಫಿಯ ಬಹುಭಾಗ ಹಡಗೇರಿ ಯುರೋಪಿಗೆ ಹೋಗುತ್ತಿತ್ತು. ಬೆಳೆದವರ ನೆರೆಯ ಜಿಲ್ಲೆಯ ಬಡವನಿಗೆ ಅದರ ರುಚಿಯೂ ತಿಳಿದಿರಲಿಲ್ಲ.

ಚಹಾದ ಕಥೆಯೂ ಇದೇ. ಅಸ್ಸಾಮಿನ ಚಹಾ ಮೊದಲ ಬಾರಿಗೆ ಲಂಡನ್ನಿನಲ್ಲಿ ಹರಾಜಾದುದು 1839ರಲ್ಲಿ. ಸಿಲೋನಿನಲ್ಲಿ 1869ರ ನಂತರ ಎಲೆತುಕ್ಕು ರೋಗವು ಕಾಫಿಯ ತೋಟಗಳನ್ನು ನಾಶಮಾಡಿತು. ಅಲ್ಲಿನ ತೋಟಗಾರರು ಅದೇ ಬೆಟ್ಟಗಳಲ್ಲಿ ಚಹಾ ನೆಟ್ಟರು. ಹೀಗೆ ಎರಡೂ ಬೆಳೆಗಳು ಮೂಲತಃ ರಫ್ತಿನ ಸರಕುಗಳು.

ಗಣಿ ಬೆಳೆಯಿತು, ಟೀ ಅಂಗಡಿ ಬಂದಿತು

ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ರೈಲು ಬಂದಿತು. ಆ ಮಾರ್ಗದ ಒಂದು ನಿಲ್ದಾಣಕ್ಕೆ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎಂದು ಹೆಸರಾಯಿತು. ಅದೇ ಇಂದಿನ ಬಂಗಾರಪೇಟೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ ಚಿನ್ನದ ಉದ್ಯಮ ಭದ್ರವಾಯಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಕವಲುದಾರಿ ಹಾಕಲಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರಕ್ಕೆ ತಂತಿಯೆಳೆದು ಗಣಿಗೆ ವಿದ್ಯುತ್ತನ್ನು ಒದಗಿಸಲಾಯಿತು.

ಕೆಲಸಗಾರರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳ ಬಡವರು. ಅವರಲ್ಲಿ ಬಹುಮಂದಿ ದಲಿತರು. ಬರಗಾಲ ಮತ್ತು ಸಾಲದ ಹೊರೆ ತಮಿಳು ಸೀಮೆಯ ಜನರನ್ನು ಹಲವು ದಿಕ್ಕಿಗೆ ಚದುರಿಸಿತು. ಕೆಲವರು ಸಿಲೋನಿನ ಚಹಾ ತೋಟಕ್ಕೆ, ಕೆಲವರು ಕಾಫಿಯ ಸೀಮೆಗೆ, ಕೆಲವರು ಕೋಲಾರದ ಗಣಿಗೆ ಹೋದರು. ತೋಟಗಳಿಗೆ ಹೋದವರನ್ನು ಮುಂಗಡ ಹಣ ಕೊಟ್ಟು ಒಯ್ಯುತ್ತಿದ್ದವರು ಕಂಗಾಣಿಗಳು ಮತ್ತು ಮೇಸ್ತ್ರಿಗಳು. ಗಣಿಯ ಕಾರ್ಮಿಕನು ಕುಡಿದ ಚಹಾದ ಎಲೆಯನ್ನು ಕಿತ್ತವರು ಅವನಂಥದೇ ಬಡತನದಿಂದ ಹೊರಟವರು.

ಗಣಿಯು ಹಗಲಿರುಳೂ ಮೂರು ಪಾಳಿಗಳಲ್ಲಿ ನಡೆಯುತ್ತಿತ್ತು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಆ ಆಳದಲ್ಲಿ ಬಂಡೆಯೇ ಕೈಸುಡುವಷ್ಟು ಕಾದಿರುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಏಳುವವನಿಗೆ, ದಣಿದು ಮೇಲೆ ಬರುವವನಿಗೆ ಬೇಕಾದುದು ಬೇಗನೆ ಸಿಗುವ, ಅಗ್ಗವಾದ, ಹಾಲುಸಕ್ಕರೆಯ ಬಿಸಿಯಾದ ಒಂದು ಲೋಟ.

ಇಲ್ಲಿ ವ್ಯಾಪಾರದ ಲೆಕ್ಕವನ್ನು ನೋಡಬೇಕು. ಒಂದು ಲೋಟ ಟೀಗೆ 2ರಿಂದ 3 ಗ್ರಾಂ ಪುಡಿ ಸಾಕು. ಒಳ್ಳೆಯ ಡಿಕಾಕ್ಷನ್ ಕಾಫಿಗೆ 8ರಿಂದ 10 ಗ್ರಾಂ ಬೇಕು. ಟೀ ಪುಡಿಯನ್ನು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಬಹುದು. ಕಾಫಿ ಪುಡಿಯು ಕೆಲವೇ ದಿನಗಳಲ್ಲಿ ಘಮ ಕಳೆದುಕೊಳ್ಳುತ್ತದೆ. ಟೀಯನ್ನು ಒಂದೇ ಪಾತ್ರೆಯಲ್ಲಿ ಕುದಿಸಿ ಸೋಸಿದರಾಯಿತು. ಕಾಫಿಗೆ ಬೀಜ ಹುರಿಯಬೇಕು, ಪುಡಿಮಾಡಬೇಕು, ಫಿಲ್ಟರಿನಲ್ಲಿ ಇಳಿಯುವವರೆಗೆ ಕಾಯಬೇಕು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ಸಿ.ಟಿ.ಸಿ. ಯಂತ್ರ ಬಂದ ಮೇಲೆ ಕಡಿಮೆ ಪುಡಿಯಲ್ಲಿ ಗಾಢವಾದ ಬಣ್ಣ ಬರುವ ಚಹಾ ದೊರೆಯತೊಡಗಿತು. ಆದ್ದರಿಂದ ಕಾರ್ಮಿಕರ ಲೈನುಗಳ ಬಳಿ ಟೀ ಅಂಗಡಿಯೂ, ಗುಮಾಸ್ತರು, ಉಪಾಧ್ಯಾಯರು ಮತ್ತು ಅಂಗಡಿಕಾರರ ಬೀದಿಗಳಲ್ಲಿ ಕಾಫಿ ಹೋಟೆಲೂ ನಿಂತುದರಲ್ಲಿ ಆಶ್ಚರ್ಯವಿಲ್ಲ. ಭೇದವನ್ನು ಮಾಡಿದ್ದು ನಾಲಗೆಯಲ್ಲ, ಸಂಬಳ ಮತ್ತು ಬಿಡುವು.

ಟೀಯು ಕೀಳು ಎಂಬ ಮಾತಿಗೆ ಇದೇ ಊರು ಪ್ರತ್ಯುತ್ತರವನ್ನೂ ಕೊಡುತ್ತದೆ. ಗಣಿಯ ಆಂಗ್ಲ ಅಧಿಕಾರಿಗಳು ತಮ್ಮ ನಾಡಿನ ವಾಡಿಕೆಯಂತೆ ಮಧ್ಯಾಹ್ನ ಕುಡಿಯುತ್ತಿದ್ದುದೂ ಟೀಯನ್ನೇ. ಎಲ್ಲರಿಗಿಂತ ಮೇಲಿನವನೂ ಎಲ್ಲರಿಗಿಂತ ಕೆಳಗಿನವನೂ ಒಂದೇ ಎಲೆಯ ರಸವನ್ನು ಕುಡಿಯುತ್ತಿರುವಾಗ ನಡುವಿನವರು ಮಾತ್ರ ಕಾಫಿಯಿಂದ ತಮ್ಮ ಅಂತಸ್ತನ್ನು ಅಳೆದುಕೊಂಡರು. ಕರ್ನಾಟಕದೊಳಗೇ ಈ ಅಳತೆ ಒಂದೇ ತೆರನಾಗಿಲ್ಲ. ಹಾಸನ, ಮೈಸೂರು ಕಡೆಯ ಜೈನಗೃಹಗಳಲ್ಲಿ ಅತಿಥಿಗೆ ಕಾಫಿ ಕೊಡುವುದು ಗೌರವವಾದರೆ, ಬೆಳಗಾವಿ, ಹುಬ್ಬಳ್ಳಿ ಕಡೆ ಚಹಾ ಕೊಡುವುದೇ ಗೌರವ.

ಬಯಕೆಯನ್ನು ಬಿತ್ತಿದವರು

ಈ ಪಾನೀಯಗಳು ಭಾರತೀಯರ ಮನೆಯೊಳಗೆ ಬಂದ ಬಗೆಯನ್ನು ವ್ಯಾಪಾರಿ ಸಮಾಜವು ವಿಶೇಷವಾಗಿ ಗಮನಿಸಬೇಕು. 1903ರ ಕಾಯಿದೆಯಿಂದ ಚಹಾದ ಮೇಲೆ ಸುಂಕ ವಿಧಿಸಿ, ಆ ಹಣವನ್ನು ಪ್ರಚಾರಕ್ಕೆ ಬಳಸುವ ಸಮಿತಿಯು ರೂಪುಗೊಂಡಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಲೆ ಕುಸಿದಾಗ, 1933ರ ಅಂತರರಾಷ್ಟ್ರೀಯ ಒಪ್ಪಂದವು ಚಹಾ ರಫ್ತಿಗೆ ಮಿತಿ ಹಾಕಿತು. ಹೊರಗೆ ಹೋಗದ ಸರಕನ್ನು ಒಳಗೆ ಮಾರಬೇಕಾಯಿತು. ಚಹಾದ ಪ್ರಚಾರಕರು ಪೇಟೆ, ಸಂತೆ, ರೈಲು ನಿಲ್ದಾಣಗಳಲ್ಲಿ ಉಚಿತವಾಗಿ ಟೀ ಹಂಚಿ, ಅದನ್ನು ಮಾಡುವ ಕ್ರಮವನ್ನೂ ಕಲಿಸಿದರು.

ಕಾಫಿಯೂ ಹಿಂದೆ ಬೀಳಲಿಲ್ಲ. 1935ರಲ್ಲಿ ಕಾಫಿ ಸುಂಕ ಸಮಿತಿ ಸ್ಥಾಪನೆಯಾಯಿತು. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆಗಳು ಮುಚ್ಚಿದಾಗ 1942ರ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯಿದೆ ಬಂದಿತು. ಮುಂದೆ ಕಾಫಿ ಹೌಸುಗಳು ಮುಚ್ಚತೊಡಗಿದಾಗ, 1957ರಲ್ಲಿ ಕೆಲಸ ಕಳೆದುಕೊಂಡ ನೌಕರರು ಬೆಂಗಳೂರಿನಲ್ಲಿ ಸಹಕಾರ ಸಂಘವನ್ನು ಕಟ್ಟಿ ಅವನ್ನು ತಾವೇ ನಡೆಸಲು ಮುಂದಾದರು.

ಹಸಿವೆಯು ಸ್ವಾಭಾವಿಕ; ಟೀ ಕಾಫಿಗಳ ಬಯಕೆಯಾದರೋ ಮಾರದೆ ಉಳಿದ ದಾಸ್ತಾನಿನಿಂದ ಹುಟ್ಟಿದ್ದು. ಇಚ್ಛೆಯನ್ನು ಬೆಳೆಸಿದಷ್ಟೂ ಬೆಳೆಯುತ್ತದೆಯೆಂಬ ಅಪರಿಗ್ರಹದ ಉಪದೇಶಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಒಂದೇ ಸತ್ತ್ವ, ಬೇರೆ ಬೇರೆ ಲೋಟ

ಎರಡು ಪಾನೀಯಗಳ ಗುಣವನ್ನು ವಿಜ್ಞಾನವು ಹಿಂದೆಯೇ ಪರೀಕ್ಷಿಸಿದೆ. 1819ರಲ್ಲಿ ಜರ್ಮನಿಯ ರೂಂಗೆ ಎಂಬ ರಸಾಯನಶಾಸ್ತ್ರಜ್ಞನು ಕಾಫಿಯಿಂದ ಕೆಫೀನ್ ಎಂಬ ಉತ್ತೇಜಕವನ್ನು ಬೇರ್ಪಡಿಸಿದನು. 1827ರಲ್ಲಿ ಚಹಾದಿಂದ ಬೇರ್ಪಡಿಸಿದ ಪದಾರ್ಥಕ್ಕೆ ಥೀಯಿನ್ ಎಂದು ಬೇರೆ ಹೆಸರನ್ನಿಟ್ಟರು. ಎರಡೂ ಒಂದೇ ಎಂಬುದು 1838ರಲ್ಲಿ ಸಿದ್ಧವಾಯಿತು. ಪ್ರಮಾಣದಲ್ಲಿ ವ್ಯತ್ಯಾಸವುಂಟು, ಸಾಮಾನ್ಯವಾಗಿ ಒಂದು ಲೋಟ ಕಾಫಿಯಲ್ಲಿ ಟೀಗಿಂತ ಹೆಚ್ಚು ಕೆಫೀನ್ ಇರುತ್ತದೆ.

ಪದಾರ್ಥದಲ್ಲಿ ಇಲ್ಲದ ಮೇಲುಕೀಳನ್ನು ಮನುಷ್ಯರು ಪಾತ್ರೆಯಲ್ಲಿ ತಂದರು. ನಾಡಿನ ಎಷ್ಟೋ ಹೋಟೆಲುಗಳಲ್ಲಿ ದಲಿತರಿಗೆ ಪ್ರತ್ಯೇಕ ಲೋಟವನ್ನಿಟ್ಟು, ಕುಡಿದವರಿಂದಲೇ ಅದನ್ನು ತೊಳೆಯಿಸುವ ಪದ್ಧತಿಯಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಹೋಟೆಲಿನ ಪಾತ್ರೆಗಳ ಬಳಕೆಯಲ್ಲಿ ಭೇದವೆಣಿಸುವುದನ್ನು ಶಿಕ್ಷಾರ್ಹವಾಗಿಸಿತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂಬ ಹೆಸರಾಯಿತು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಎಣಿಸುವ ಎಂಟು ಮದಗಳಲ್ಲಿ ಕುಲಮದವೂ ಜಾತಿಮದವೂ ಸೇರಿವೆ. ಸಮ್ಯಗ್ದರ್ಶನಕ್ಕೇ ಮಲಿನತೆಯನ್ನು ತರುವ ದೋಷಗಳಿವು. ಸಭೆಯ ಸದಸ್ಯರಿಗೆ ಬೆಳ್ಳಿಯಂತೆ ಹೊಳೆಯುವ ಲೋಟದಲ್ಲಿ ಕಾಫಿಯನ್ನು ಕೊಟ್ಟು, ಅಂಗಳ ಗುಡಿಸುವವನಿಗೆ ಮೂಲೆಯಲ್ಲಿಟ್ಟ ಹಳೆಯ ಲೋಟದಲ್ಲಿ ಟೀ ಕೊಡುವ ಕಡೆ ಎಷ್ಟು ಆಹಾರಶುದ್ಧಿಯಿದ್ದರೂ ಭಾವಶುದ್ಧಿ ಇರಲಾರದು.

ಶ್ರಾವಕಾಚಾರದ ದೃಷ್ಟಿ

ಪ್ರಾಚೀನ ಶ್ರಾವಕಾಚಾರಗಳಲ್ಲಿ ಚಹಾ ಕಾಫಿಗಳ ಹೆಸರಿರುವುದು ಸಾಧ್ಯವಿಲ್ಲ. ಆದರೆ ಅಳೆಯುವ ಮಾನದಂಡ ಅಲ್ಲಿದೆ. ‘ತತ್ತ್ವಾರ್ಥಸೂತ್ರ’ವು ಉಪಭೋಗ ಪರಿಭೋಗ ಪರಿಮಾಣವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ ಅಭಿಷವಾಹಾರವನ್ನೂ ಹೆಸರಿಸುತ್ತದೆ. ಪೂಜ್ಯಪಾದಾಚಾರ್ಯರ ‘ಸರ್ವಾರ್ಥಸಿದ್ಧಿ’ಯು ಇದಕ್ಕೆ ದ್ರವರೂಪದ ಅಥವಾ ಉದ್ದೀಪಕವಾದ ಆಹಾರವೆಂದು ಅರ್ಥ ಹೇಳುತ್ತದೆ. ಪೂಜ್ಯಪಾದರು ಗಂಗದೊರೆ ದುರ್ವಿನೀತನ ಗುರುಗಳೆಂಬುದು ಪರಂಪರೆಯ ಮಾತು. ಆ ಗಂಗರ ಮೊದಲ ರಾಜಧಾನಿ ಕುವಲಾಲವೇ ಇಂದಿನ ಕೋಲಾರ. ಈ ವಿವೇಕವು ಆ ನೆಲಕ್ಕೆ ಹೊರಗಿನದಲ್ಲ.

ಹಾಗೆಂದು ಟೀ ಕಾಫಿಗಳನ್ನು ಮದ್ಯದ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಮದ್ಯವು ಸರ್ವಥಾ ತ್ಯಾಜ್ಯ. ಇವು ಮಿತಿಗೆ ಒಳಪಟ್ಟವು. ‘ರತ್ನಕರಂಡಕ’ವು ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ, ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ ವಿಭಾಗಿಸಿ, ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಹೀಗೆ ಶಕ್ತ್ಯನುಸಾರ ನಿಯಮ ಹಿಡಿಯಲು ಅವಕಾಶ ಕೊಡುತ್ತದೆ. ಸೂರ್ಯೋದಯವಾಗಿ 48 ನಿಮಿಷ ಕಳೆಯುವವರೆಗೆ ಏನನ್ನೂ ಸೇವಿಸದ ನವಕಾರಸಿ ಮತ್ತು ರಾತ್ರಿಭೋಜನ ತ್ಯಾಗ ಈ ಎರಡನ್ನು ಪಾಲಿಸಿದರೆ ಹಾಸಿಗೆಯ ಟೀಯೂ ತಡರಾತ್ರಿಯ ಕಾಫಿಯೂ ತಾವಾಗಿಯೇ ಬಿಟ್ಟುಹೋಗುತ್ತವೆ.

ದಶಲಕ್ಷಣ ಮತ್ತು ಪರ್ಯುಷಣ ಪರ್ವಗಳಲ್ಲಿ ಉಪವಾಸ ಹಿಡಿದವರು ಮೊದಲ ದಿನವೇ ತಲೆನೋವಿನಿಂದ ಬಳಲುವುದುಂಟು. ಅನೇಕರು ಇದು ಹಸಿವಿನ ಫಲವೆಂದು ತಿಳಿಯುತ್ತಾರೆ. ನಿತ್ಯ ಕೆಫೀನ್ ಸೇವಿಸುವವರು ಹಠಾತ್ತಾಗಿ ನಿಲ್ಲಿಸಿದಾಗ 12ರಿಂದ 24 ಗಂಟೆಗಳಲ್ಲಿ ತಲೆನೋವು ಆರಂಭವಾಗುವುದು ವೈದ್ಯಶಾಸ್ತ್ರಕ್ಕೆ ತಿಳಿದ ವಿಷಯ. ಪರ್ವಕ್ಕೆ ಒಂದೆರಡು ವಾರ ಮೊದಲೇ ದಿನದ ಲೋಟಗಳನ್ನು ಒಂದೊಂದಾಗಿ ಕಡಿಮೆ ಮಾಡಿದರೆ ಉಪವಾಸವು ನಿರಾಕುಲವಾಗಿ ಸಾಗುತ್ತದೆ.

ಇಂದಿನ ಸ್ಥಿತಿ

1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರದ ವಶವಾಗಿ, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಹೆಸರಿನಲ್ಲಿ ನಡೆದ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಪಾಳಿಯ ಕೆಲಸ ಹೋಯಿತು, ನಸುಕಿನ ಟೀ ಉಳಿಯಿತು. ಕೆಲಸವನ್ನರಸಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಸಾವಿರಾರು ಮಂದಿಗೆ ಅದೇ ಬೆಳಗಿನ ಆಸರೆ.

ಈ ಸೀಮೆಯವರು ಅರಿಯಬೇಕಾದ ಇನ್ನೊಂದು ಸಂಗತಿಯುಂಟು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಕುಡಿಯುವ ನೀರಿನಲ್ಲಿ ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಮೂಳೆಗಳು ಕೆಡುತ್ತವೆ. ಚಹಾದ ಗಿಡವು ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕಾಫಿಯಲ್ಲಿ ಅದು ಅತ್ಯಲ್ಪ. ಇಂತಹ ನೀರಿನ ಊರಿನಲ್ಲಿ ದಿನಕ್ಕೆ ಆರೇಳು ಲೋಟ ಟೀ ಕುಡಿಯುವವನಿಗೆ ಹೊರೆ ಎರಡು ಕಡೆಯಿಂದ ಬೀಳುತ್ತದೆ. ನೀರನ್ನು ಸೋಸಿ ಕಾಯಿಸಿ ಕುಡಿಯುವ ಜೈನಪದ್ಧತಿಯು ಸೂಕ್ಷ್ಮಜೀವಿಗಳ ವಿಷಯದಲ್ಲಿ ಶ್ರೇಷ್ಠವಾದುದೇ. ಆದರೆ ಕಾಯಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ದೇವಾಲಯದ ಟ್ರಸ್ಟುಗಳು ತಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಅಗತ್ಯವಿದ್ದಲ್ಲಿ ಶುದ್ಧೀಕರಣದ ಏರ್ಪಾಟು ಮಾಡುವುದು ಅಹಿಂಸೆಯ ಒಂದು ಅಂಗವೇ ಆಗಿದೆ.

ಹೀಗೆ ಚಹಾ ಮೇಲೋ ಕಾಫಿ ಮೇಲೋ ಎಂಬ ಪ್ರಶ್ನೆಗೆ ಗಣಿಯ ಇತಿಹಾಸವು ಕೊಡುವ ಉತ್ತರ ಸ್ಪಷ್ಟವಾಗಿದೆ. ಮೇಲುಕೀಳು ಪಾನೀಯದಿಂದ ಹುಟ್ಟಿದ್ದಲ್ಲ. ಶ್ರಾವಕನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಇವೆ. ದಿನಕ್ಕೆ ಎಷ್ಟು? ಯಾವ ಹೊತ್ತಿನಲ್ಲಿ? ಬಿಡಬೇಕೆಂದಾಗ ಬಿಡುವ ಶಕ್ತಿಯಿದೆಯೇ? ಬಾಗಿಲಿಗೆ ಬಂದ ಕೆಲಸಗಾರನಿಗೂ ಅದೇ ಲೋಟವೇ? ಮುಂದಿನ ಚಾತುರ್ಮಾಸದಲ್ಲಿ ಪ್ರತಿಯೊಂದು ಮನೆಯೂ ಒಂದು ಲೋಟ ಕಡಿಮೆ ಮಾಡುವ ನಿಯಮವನ್ನು ಹಿಡಿದು, ಪ್ರತಿಯೊಂದು ಟ್ರಸ್ಟೂ ಒಂದೇ ಬಗೆಯ ಲೋಟದಲ್ಲಿ ಎಲ್ಲರಿಗೂ ಕೊಡುವ ಕ್ರಮವನ್ನು ಕೈಗೊಂಡರೆ, ವ್ರತದ ಜೊತೆಗೆ ಸಮತಾಭಾವವೂ ಉಳಿದುಬರುತ್ತದೆ.