ಹಾಸು–ಹೊದಿಕೆ: ಒಗೆದದ್ದು ಹೇಗೆ, ಒಣಗಿಸಿದ್ದು ಹೇಗೆ?

ಬೇಸಿಗೆಯ ಕೊನೆಯ ವಾರಗಳನ್ನು ಬಿಟ್ಟರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬಟ್ಟೆ ಒಗೆಯಲು ನೀರಿಗೆ ಕೊರತೆಯಿಲ್ಲ. ಬಂಟ್ವಾಳ ಪೇಟೆ ಇರುವುದೇ ನೇತ್ರಾವತಿಯ ದಂಡೆಯಲ್ಲಿ. ಬೆಳ್ತಂಗಡಿಯ ಬಳಿ ಸೋಮಾವತಿ ಹರಿಯುತ್ತದೆ. ಮೂಡುಬಿದಿರೆಯಲ್ಲಿ ದೊಡ್ಡ ನದಿಯಿಲ್ಲ. ಆದರೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನಗಳ ಜೊತೆಗೆ ಹದಿನೆಂಟು ಕೆರೆಗಳ ಊರು ತಮ್ಮದೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಈ ಸೀಮೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹಾಗಾಗಿ ಇಲ್ಲಿನ ಗೃಹಿಣಿಯರಿಗೆ ಹಾಸಿಗೆಯ ಬಟ್ಟೆ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಚಿಂತೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಳೆಯ ಮನೆಗಳ ಎಷ್ಟೋ ಅಭ್ಯಾಸಗಳು ಅರ್ಥವಾಗುತ್ತವೆ.

ಒಂದು ಸ್ಥೂಲ ಲೆಕ್ಕ ಮಾಡಿ ನೋಡೋಣ. ಎರಡು ಮಂದಿಯ ಹತ್ತಿ ಹೊದಿಕೆಯೊಂದನ್ನು ಕೈಯಿಂದ ಹಿಂಡಿದ ಮೇಲೂ ಅದರಲ್ಲಿ ಸುಮಾರು 500 ಗ್ರಾಂ ನೀರು ಉಳಿದಿದೆ ಎಂದುಕೊಳ್ಳಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಆಟಿ ತಿಂಗಳಿನಲ್ಲಿ, ಅಂದರೆ ಜುಲೈ–ಆಗಸ್ಟ್‌ನಲ್ಲಿ, ಸಾಪೇಕ್ಷ ಆರ್ದ್ರತೆ ಶೇಕಡಾ 90ರಷ್ಟಿದ್ದರೆ ಆ ಗಾಳಿಯಲ್ಲಿ ಆಗಲೇ 20.7 ಗ್ರಾಂ ತುಂಬಿದೆ. ಉಳಿದ ಜಾಗ ಕೇವಲ 2.3 ಗ್ರಾಂನಷ್ಟು. ನಮ್ಮ ಹೊದಿಕೆ ಒಣಗಲು 200 ಘನ ಮೀಟರಿಗೂ ಹೆಚ್ಚು ಗಾಳಿ ಅದನ್ನು ದಾಟಿ ಹೋಗಬೇಕು! ಈಗ ಅದೇ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿ. ಅದರ ಸಾಮರ್ಥ್ಯ 51 ಗ್ರಾಂಗೆ ಏರುತ್ತದೆ, 30 ಗ್ರಾಂನಷ್ಟು ಜಾಗ ಸಿಗುತ್ತದೆ. ಸುಮಾರು 17 ಘನ ಮೀಟರ್ ಗಾಳಿ ಸಾಕು.

ಈ ಲೆಕ್ಕವನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಬಚ್ಚಲು ಮನೆಯಲ್ಲಿ ಹಂಡೆಯ ಒಲೆಯ ಮೇಲ್ಭಾಗಕ್ಕೆ ಅಡ್ಡಲಾಗಿ ಬಿದಿರಿನ ಗಳು ಕಟ್ಟಿರುತ್ತಿತ್ತು. ತೆಂಗಿನ ಮಡಲು, ಸಿಪ್ಪೆ, ಅಡಿಕೆ ಹಾಳೆ ಉರಿದು ನೀರು ಕಾಯುವಾಗ ಮೇಲೆ ಬಟ್ಟೆಯೂ ಒಣಗುತ್ತಿತ್ತು. ಅಟ್ಟದ ಮೇಲೆ ಅಡಿಕೆ, ಕೆಳಗೆ ಹೊದಿಕೆ, ಎರಡಕ್ಕೂ ಒಂದೇ ಬೆಂಕಿ. ಹೊಗೆಯ ವಾಸನೆ ಹಿಡಿದ ಹೊದಿಕೆ ಹೊದ್ದು ಮಲಗಿದವರು ಈ ಲೇಖನ ಓದುವವರಲ್ಲೂ ಇದ್ದಾರು. ಅದನ್ನು ನೆನೆದು ಹಿಗ್ಗುವವರು ಒಂದು ಮಾತು ಮರೆಯಬಾರದು: ಆ ಹೊಗೆಯನ್ನು ದಿನವೂ ಕುಡಿದದ್ದು ಒಲೆಯ ಮುಂದೆ ಕುಳಿತ ಹೆಂಗಸರ ಕಣ್ಣು ಮತ್ತು ಶ್ವಾಸಕೋಶ.

ಒಣಗಿಸುವುದು ಇಷ್ಟು ಕಷ್ಟವಾದ್ದರಿಂದ ಒಗೆಯಬೇಕಾದ ವಸ್ತುಗಳೇ ಕಡಿಮೆ ಇರುತ್ತಿದ್ದವು. ಹೆಚ್ಚಿನವರ ಹಾಸಿಗೆ ಎಂದರೆ ಚಾಪೆ, ತುಳುವಿನಲ್ಲಿ ‘ಪಜೆ’. ಬೆಳಿಗ್ಗೆ ಕೊಡವಿ, ಸುರುಳಿ ಸುತ್ತಿ ಎತ್ತಿಟ್ಟರೆ ಆಯಿತು. ಓಲೆಯ ಚಾಪೆಯಲ್ಲಿ ನೀರು ನಿಲ್ಲುವುದಿಲ್ಲ. ಕಂಬಳಿಯನ್ನು ಒಗೆಯುವುದು ಅಪರೂಪ, ಬಿಸಿಲಿಗೆ ಹಾಕುವುದೇ ರೂಢಿ. ಇದು ಬರಿಯ ಸೋಮಾರಿತನವಲ್ಲ. ಉಣ್ಣೆಯ ಎಳೆಯ ಮೇಲೆ ಹುರುಪೆಗಳಿರುತ್ತವೆ. ನೀರಿನಲ್ಲಿ ತಿಕ್ಕಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗಿ ಗಡುಸಾಗುತ್ತದೆ. ಇನ್ನು ಅನುಕೂಲಸ್ಥರ ಹಾಸಿಗೆ, ದಿಂಬುಗಳಿಗೆ ಬೂರುಗದ ಹತ್ತಿ. ಅದರ ಟೊಳ್ಳು ಎಳೆಗಳ ಮೇಲೆ ಮೇಣದ ಲೇಪವಿರುವುದರಿಂದ ನೀರನ್ನು ಸುಲಭವಾಗಿ ಹೀರುವುದಿಲ್ಲ. ಮಳೆಯ ನಾಡಿಗೆ ಅದು ತಕ್ಕ ಆಯ್ಕೆ.

ಕೊಳೆ ತೆಗೆಯುವ ಸಾಮಗ್ರಿ ಹಿತ್ತಲಿನಲ್ಲೇ ಇತ್ತು. ಅಂಟುವಾಳದ ಕಾಯಿಯ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡಿ ನೊರೆ ಕೊಡುತ್ತದೆ. ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ ತಿಳಿಯಾಗಲು ಬಿಟ್ಟರೆ ಪೊಟ್ಯಾಸಿಯಂ ಕಾರ್ಬೊನೇಟ್ ಇರುವ ಕ್ಷಾರ ದ್ರಾವಣ ಸಿಗುತ್ತದೆ. ಮೈಯಿಂದ ಬಟ್ಟೆಗೆ ಅಂಟಿದ ಜಿಡ್ಡಿನ ಒಂದಂಶವನ್ನು ಅದು ಅಲ್ಲೇ ಸಾಬೂನಾಗಿಸುತ್ತದೆ. ಆಮೇಲೆ ಅಂಗಡಿಯ ಸಾಬೂನು ಬಂತು. ಇಂಗ್ಲೆಂಡಿನ ಸನ್‌ಲೈಟ್ ಭಾರತಕ್ಕೆ ಬಂದದ್ದು 1888ರಲ್ಲಿ, ಸರ್ಫ್ ಪುಡಿ 1959ರಲ್ಲಿ, ನಿರ್ಮಾ 1969ರಲ್ಲಿ. ಜಂಬಿಟ್ಟಿಗೆಯ ನೆಲದ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಆದ್ದರಿಂದ ಬಯಲುಸೀಮೆಯಂತೆ ಇಲ್ಲಿ ಸಾಬೂನು ಗಸಿಯಾಗಿ ವ್ಯರ್ಥವಾಗಲಿಲ್ಲ. ಆದರೆ ಆ ನೀರಿನಲ್ಲಿ ಕಬ್ಬಿಣದ ಅಂಶವಿದ್ದಲ್ಲಿ ಬಿಳಿ ಹೊದಿಕೆ ಕ್ರಮೇಣ ಕೆಂಚು ಬಣ್ಣಕ್ಕೆ ತಿರುಗಿತು.

ಬಾಣಂತಿಯ, ರೋಗಿಯ, ಸತ್ತವರ ಹಾಸಿಗೆಬಟ್ಟೆಗಳು ಮಡಿವಾಳರ ಮನೆಗೆ ಹೋಗುತ್ತಿದ್ದವು. ಸೂತಕ ಕಳೆಯಲು ಅವರು ತಂದುಕೊಡುವ ಒಗೆದ ಬಟ್ಟೆಯೇ ಬೇಕಾಗಿತ್ತು. ಪ್ರತಿಫಲ ಬಹುಮಟ್ಟಿಗೆ ಭತ್ತದ ರೂಪದಲ್ಲಿ. ಮಡಿವಾಳರ ‘ಉಬ್ಬೆ’ಯನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಕ್ಷಾರದಲ್ಲಿ ನೆನೆಸಿದ ಬಟ್ಟೆಗಳನ್ನು ದೊಡ್ಡ ಪಾತ್ರೆಯಲ್ಲಿ ಒಟ್ಟಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುವ ಕ್ರಮ ಇದು. ಕಜ್ಜಿಯ ನುಸಿ, ಹೇನು, ತಿಗಣೆ, ಅವುಗಳ ಮೊಟ್ಟೆ ಯಾವುದೂ ಆ ಶಾಖದಲ್ಲಿ ಬದುಕುವುದಿಲ್ಲ. ಯಾರ ಬಟ್ಟೆ ಯಾವುದೆಂದು ತಿಳಿಯಲು ಕರಿಗೇರಿನ ರಸದಿಂದ ಗುರುತು ಹಾಕುವುದಿತ್ತು. ಒಗೆದರೆ ಹೋಗದ ಈ ಕಪ್ಪು ಗುರುತು ಕೆಲವರ ಚರ್ಮದಲ್ಲಿ ಬೊಕ್ಕೆ ಎಬ್ಬಿಸುತ್ತಿತ್ತು. ಇಡೀ ಊರಿಗೆ ಶುಚಿತ್ವ ಒದಗಿಸಿದವರನ್ನೇ ಊರು ಕೆಳಗಿಟ್ಟು ನೋಡಿತು. ಊರಿನವರ ಸೋಂಕು ಮೊದಲು ತಗಲುತ್ತಿದ್ದುದೂ ಅವರ ಕೈಗೇ.

ಈಗ ಬಿಸಿಲಿನ ವಿಷಯ. ಸೂರ್ಯನ ಬೆಳಕು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು ಡೌನ್ಸ್ ಮತ್ತು ಬ್ಲಂಟ್ ಎಂಬ ಇಂಗ್ಲೆಂಡಿನ ಇಬ್ಬರು 1877ರಲ್ಲಿ ತೋರಿಸಿದರು. ಹಾಸಿಗೆಯ ಮಟ್ಟಿಗೆ ಇನ್ನೊಂದು ಸಂಶೋಧನೆ ಹೆಚ್ಚು ಮುಖ್ಯ. 1964ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ವೂರ್‌ಹೋರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಸಂಗಡಿಗರು ಮನೆಯ ದೂಳಿನ ಅಲರ್ಜಿಗೆ ನುಸಿ ಕಾರಣವೆಂದು ಗುರುತಿಸಿದರು. ತೆಂಗಿನ ನುಸಿಪೀಡೆಯಿಂದ ನುಸಿಯ ಹೆಸರು ನಮಗೆ ಗೊತ್ತಿದೆ. ಹಾಸಿಗೆಯ ನುಸಿ ಅದರ ದೂರದ ನೆಂಟ. ಉದುರಿದ ಚರ್ಮದ ಹೊಟ್ಟು ಅದರ ಆಹಾರ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಆರ್ದ್ರತೆ ಶೇಕಡಾ 50ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ಒಣಗಿ ಸಾಯುತ್ತದೆ. ಕರಾವಳಿಯ ಮಳೆಗಾಲ ಅದಕ್ಕೆ ಹಬ್ಬ!

ಇಲ್ಲೊಂದು ಸೂಕ್ಷ್ಮವಿದೆ. ತಣ್ಣೀರಿನಲ್ಲಿ ಒಗೆದರೆ ಅಲರ್ಜಿ ತರುವ ಪ್ರೋಟೀನು ಬಹುಪಾಲು ತೊಳೆದುಹೋಗುತ್ತದೆ, ಆದರೆ ನುಸಿಗಳಲ್ಲಿ ಬಹಳಷ್ಟು ಬದುಕುಳಿಯುತ್ತವೆ. ಅವನ್ನು ಕೊಲ್ಲಲು ನೀರು 55–60 ಡಿಗ್ರಿ ಬಿಸಿ ಇರಬೇಕು. ಕಡು ಬಿಸಿಲು ನುಸಿಯನ್ನು ಕೊಲ್ಲುತ್ತದೆ, ಆದರೆ ಪ್ರೋಟೀನು ಬಟ್ಟೆಯಲ್ಲೇ ಉಳಿಯುತ್ತದೆ. ಹಾಗಾಗಿ ಒಗೆತಕ್ಕೆ ಬಿಸಿಲು ಬದಲಿಯಲ್ಲ, ಬಿಸಿಲಿಗೆ ಒಗೆತವೂ ಬದಲಿಯಲ್ಲ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆದೀತು ಎಂಬ ಗಾದೆ ತುಳುವಿನಲ್ಲಿದೆ. ಮೋಡ ಸರಿದ ಆ ಒಂದೆರಡು ಗಂಟೆಯಲ್ಲಿ ಚಾಪೆ, ಕಂಬಳಿ, ದಿಂಬುಗಳನ್ನೆಲ್ಲ ಅಂಗಳಕ್ಕೆ ಹೊತ್ತು ಹಾಕುವ ಮನೆಯವರ ಓಟಕ್ಕೆ ಇದೇ ಅರ್ಥ.

ಇಂದು ಒಗೆಯುವ ಯಂತ್ರ ಹಿಂಡುವ ಕೆಲಸವನ್ನು ಕೈಗಿಂತ ಚೆನ್ನಾಗಿ ಮಾಡುತ್ತದೆ. ಹೊದಿಕೆಯಲ್ಲಿ ಉಳಿಯುವ ನೀರು ಅರ್ಧದಷ್ಟಾದರೆ ಬೇಕಾದ ಗಾಳಿಯೂ ಅರ್ಧವಾಗುತ್ತದೆ. ಅಡಿಕೆ ಒಣಗಿಸಲು ಪಾರದರ್ಶಕ ಹಾಳೆ ಹೊದಿಸಿ ಕಟ್ಟಿದ ಸೋಲಾರ್ ಗೂಡಿನಲ್ಲಿ ಮಳೆಗಾಲದಲ್ಲಿ ಬೆಡ್‌ಶೀಟುಗಳು ತೂಗುವುದನ್ನೂ ಕಾಣಬಹುದು. ಹಂಡೆಯ ಮೇಲಿನ ಗಳುವಿನ ಕೆಲಸವನ್ನೇ ಅದು ಹೊಗೆಯಿಲ್ಲದೆ ಮಾಡುತ್ತದೆ. ಹೊತ್ತು ತರಲಾಗದ ದಪ್ಪ ಫೋಮ್ ಹಾಸಿಗೆ ಮಾತ್ರ ವರ್ಷಾನುಗಟ್ಟಲೆ ಕೋಣೆಯಲ್ಲೇ ಬಿದ್ದಿರುತ್ತದೆ.

ಶಾಲೆಯಲ್ಲಿ ಇದನ್ನು ಪರೀಕ್ಷಿಸಬಹುದು. ಒಂದೇ ಅಳತೆಯ ನಾಲ್ಕು ಹತ್ತಿ ಬಟ್ಟೆಗಳನ್ನು ನೆನೆಸಿ, ಹಿಂಡಿ, ತೂಗಿ, ಜಗಲಿಯಲ್ಲಿ, ಕೋಣೆಯಲ್ಲಿ, ಬಚ್ಚಲಿನಲ್ಲಿ, ಸೋಲಾರ್ ಗೂಡಿನಲ್ಲಿ ನೇತುಹಾಕಿ. ಗಂಟೆಗೊಮ್ಮೆ ತೂಕ ಬರೆದಿಡಿ. ಪ್ರತಿ ಸ್ಥಳದಲ್ಲೂ ಎರಡು ತಾಪಮಾಪಕಗಳಿರಲಿ, ಒಂದರ ಬುರುಡೆಗೆ ಒದ್ದೆ ಬತ್ತಿ ಸುತ್ತಿ. ಎರಡರ ಓದಿನ ವ್ಯತ್ಯಾಸವನ್ನು ತೂಕದ ಇಳಿಕೆಯ ಪಕ್ಕದಲ್ಲಿ ಬರೆದು ಹೋಲಿಸಿ. ಜುಲೈನಲ್ಲಿ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ ಮಾಡಿ.